ಮುಂಬಯಿಯಲ್ಲಿ ಸಣ್ಣ ಹೋಟೆಲ್, ಅಂಗಡಿ, ಗಾಲಾ ಇಟ್ಟವರು ಇನ್ಶೂರೆನ್ಸ್ ಆರಿಸೋದು ಹೇಗೆ

ಇನ್ಶೂರೆನ್ಸ್ ಅಂದ ಕೂಡ್ಲೇ ನಮ್ಮವರು ಕೇಳೋ ಮೊದಲ ಪ್ರಶ್ನೆ "ವರ್ಷಕ್ಕೆ ಎಷ್ಟು ಕಟ್ಟಬೇಕು?" ಮಾಟುಂಗಾದ ಇಡ್ಲಿ ಹೋಟೆಲ್‌ನವರಾಗ್ಲಿ, ಡೊಂಬಿವಲಿಯಲ್ಲಿ ಸ್ಟೇಷನರಿ ಅಂಗಡಿ ಇಟ್ಟವರಾಗ್ಲಿ, ವಸಾಯಿಯಲ್ಲಿ ಗಾಲಾ, ಅಂದ್ರೆ ಸಣ್ಣ ಕಾರ್ಖಾನೆ ಜಾಗ, ತಗೊಂಡು ಹತ್ತು ಮಷೀನ್ ಹಾಕಿ ಬಟ್ಟೆ ಹೊಲಿಸೋರಾಗ್ಲಿ, ಎಲ್ಲರೂ ಅಲ್ಲಿಂದಲೇ ಶುರು ಮಾಡ್ತಾರೆ. ಅದನ್ನು ಕೊನೆಗಿಡಿ. ಪಾಲಿಸಿ ಪುಸ್ತಕದ ಮುಂದೆ ಶೆಡ್ಯೂಲ್ ಅಂತ ಒಂದೆರಡು ಹಾಳೆ ಇರ್ತದೆ, ಯಾರ ಹೆಸರು, ಯಾವ ವಿಳಾಸ, ಯಾವ ವ್ಯಾಪಾರ, ಯಾವ ಸಾಮಾನಿಗೆ ಎಷ್ಟು ಮೊತ್ತ ಅಂತ ಅದರಲ್ಲಿ ಬರೆದಿರ್ತದೆ. ನಾಳೆ ಬೆಂಕಿ ಬಿದ್ದರೂ ನೀರು ನುಗ್ಗಿದರೂ ನಷ್ಟ ಅಳೆಯೋ ಸರ್ವೇಯರ್ ಬಂದು ಮೊದಲು ತೆಗೆದು ನೋಡೋದು ಆ ಹಾಳೆಯನ್ನೇ. ಏಜೆಂಟ್ ಚಾ ಕುಡೀತಾ "ಅದೆಲ್ಲ ಕವರ್ ಆಗ್ತದೆ ಶೆಟ್ರೆ" ಅಂತ ಹೇಳಿದ್ದು ಅಲ್ಲಿ ಬರೆದಿಲ್ಲದಿದ್ರೆ ಲೆಕ್ಕಕ್ಕೆ ಬರೋದಿಲ್ಲ. ಹಾಗಾಗಿ ಆ ಹಾಳೆಯಲ್ಲಿ ಏನೇನು ಸರಿ ಇರಬೇಕು ಅಂತಲೇ ಇಲ್ಲಿ ಬರೀತಿದ್ದೇನೆ.

ಯಾರ ಹೆಸರು

ಇದು ಮುಂಬಯಿಯಲ್ಲಿ ಬೇರೆ ಊರಿಗಿಂತ ಜಾಸ್ತಿ ಗೋಜಲು. ನಮ್ಮ ಎಷ್ಟೋ ಹೋಟೆಲ್‌ಗಳು ಕಂಡಕ್ಟಿಂಗ್ ಮೇಲೆ ನಡೀತವೆ, ಅಂದ್ರೆ ಲೈಸೆನ್ಸ್ ಒಬ್ಬರ ಹೆಸರಲ್ಲಿ, ಜಾಗ ಇನ್ನೊಬ್ಬರದ್ದು, ಅದೂ ಪಗಡಿ (ಮೊದಲೇ ದೊಡ್ಡ ಮೊತ್ತ ಕೊಟ್ಟು ಕಮ್ಮಿ ಬಾಡಿಗೆಗೆ ಹಿಡಿದ ಜಾಗ), ದಿನಾ ಬೆಳಿಗ್ಗೆ ಶಟರ್ ಎತ್ತಿ ದುಡಿಯೋದು ಮೂರನೆಯವರು, ಒಳಗಿನ ಟೇಬಲ್ಲು, ಟೈಲ್ಸು, ಎಸಿ, ಗ್ರೈಂಡರು ಎಲ್ಲಕ್ಕೂ ದುಡ್ಡು ಹಾಕಿದ್ದೂ ಆ ಮೂರನೆಯವರೇ. ಇನ್ಶೂರೆನ್ಸ್ ಹಣ ಸಿಗೋದು ಆ ಸಾಮಾನು ಹಾಳಾದ್ರೆ ಯಾರಿಗೆ ನಷ್ಟ ಆಗ್ತದೋ ಅವರಿಗೆ. ಪಾಲಿಸಿ ಲೈಸೆನ್ಸ್ ಮಾಲೀಕರ ಹೆಸರಲ್ಲಿದ್ದು, ಇಂಟೀರಿಯರ್ ಬಿಲ್ಲೆಲ್ಲ ನಿಮ್ಮ ಹೆಸರಲ್ಲಿದ್ರೆ ಕ್ಲೈಮ್ ಹೊತ್ತಿಗೆ ಇಬ್ಬರೂ ಒದ್ದಾಡ್ಬೇಕಾಗ್ತದೆ. ಪ್ರಪೋಸಲ್ ಫಾರ್ಮ್ ತುಂಬೋವಾಗ್ಲೇ ವ್ಯವಸ್ಥೆ ಹೀಗೀಗೆ ಉಂಟು ಅಂತ ಬಿಚ್ಚಿ ಹೇಳಿ, ಕಂಡಕ್ಟಿಂಗ್ ಅಗ್ರಿಮೆಂಟಿನ ಕಾಪಿ ಕೊಡಿ, ಇಬ್ಬರ ಹೆಸರೂ ಹಾಕಿಸಿ, ಯಾರದ್ದು ಯಾವ ಸಾಮಾನು ಅಂತ ಬೇರೆ ಬೇರೆ ಬರೆಸಿ. ಮುಚ್ಚಿಟ್ಟರೆ ಲಾಭ ಏನೂ ಇಲ್ಲ. ಅಗ್ರಿಮೆಂಟ್ ಹನ್ನೊಂದು ತಿಂಗಳಿಗೊಮ್ಮೆ ಹೊಸದಾಗೋದಾದ್ರೆ ರಿನ್ಯೂವಲ್ ಹೊತ್ತಿಗೆ ಹೆಸರು ಇನ್ನೊಮ್ಮೆ ನೋಡ್ಕೊಳ್ಳಿ.

ಬ್ಯಾಂಕ್ ಲೋನ್ ಇದ್ದವರು ಇನ್ನೊಂದು ವಿಷಯ ಗಮನಿಸಬೇಕು. ಬ್ಯಾಂಕೇ ಪಾಲಿಸಿ ಮಾಡಿಸಿ ಪ್ರೀಮಿಯಂ ಅಕೌಂಟಿಂದ ಕಟ್ ಮಾಡಿರ್ತದೆ, ನಾವು "ಇನ್ಶೂರೆನ್ಸ್ ಉಂಟು" ಅಂತ ನೆಮ್ಮದಿಯಲ್ಲಿರ್ತೇವೆ, ಆದ್ರೆ ಅದು ಲೋನ್ ಕೊಟ್ಟ ಸ್ಟಾಕಿಗೆ ಮಾತ್ರ ಇರಬಹುದು, ಫರ್ನಿಚರಿಗೆ ಇಲ್ಲದಿರಬಹುದು, ಗೋಡೌನ್ ಬದಲಾಯಿಸಿದ್ರೆ ಹಳೇ ವಿಳಾಸವೇ ಕೂತಿರಬಹುದು. ಬ್ಯಾಂಕಿಗೆ ಹೋಗಿ ಕಾಪಿ ಕೇಳಿ ತನ್ನಿ. ಅದರಲ್ಲಿ ಬ್ಯಾಂಕ್ ಕ್ಲಾಸ್ ಅನ್ನೋ ಷರತ್ತು ಇದ್ರೆ ಕ್ಲೈಮ್ ಹಣ ಮೊದಲು ಬ್ಯಾಂಕಿಗೇ ಹೋಗ್ತದೆ ಅನ್ನೋದೂ ತಿಳಿದಿರ್ಲಿ.

ಬುನಾದಿ ಪಾಲಿಸಿ ಯಾವುದು

2021ರ ಏಪ್ರಿಲ್ 1ರಿಂದ ಇನ್ಶೂರೆನ್ಸ್ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ ಸಣ್ಣ ವ್ಯಾಪಾರಕ್ಕೆ ಅಂತಲೇ ಎರಡು ಮಾದರಿ ಪಾಲಿಸಿ ತಂದಿದೆ. ಒಂದು ಜಾಗದಲ್ಲಿ ನಿಮ್ಮ ಆಸ್ತಿಯ ಒಟ್ಟು ಬೆಲೆ 5 ಕೋಟಿಯೊಳಗಿದ್ರೆ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ, 5 ಕೋಟಿ ದಾಟಿ 50 ಕೋಟಿವರೆಗೆ ಭಾರತ್ ಲಘು ಉದ್ಯಮ ಸುರಕ್ಷಾ. ನಮ್ಮಲ್ಲಿ ಹೆಚ್ಚಿನವರಿಗೆ ಮೊದಲಿನದ್ದೇ ಸಾಕು. ಬೆಂಕಿ, ಸ್ಫೋಟ, ಬಿರುಗಾಳಿ, ನೆರೆ, ಭೂಕಂಪ, ದೊಂಬಿ, ನೀರಿನ ಟ್ಯಾಂಕ್ ಒಡೆಯೋದು ಎಲ್ಲ ಇದರೊಳಗೇ ಬರ್ತದೆ, ಇಂಥ ಘಟನೆ ಆಗಿ ಏಳು ದಿನದೊಳಗೆ ಆ ಗಲಾಟೆಯಲ್ಲಿ ಕಳ್ಳತನ ಆದ್ರೆ ಅದೂ ಬರ್ತದೆ. ಮಾದರಿ ಪಾಲಿಸಿ ಆದ್ದರಿಂದ ಮೂಲ ಕವರ್ ಯಾವ ಕಂಪನಿಯಲ್ಲೂ ಒಂದೇ, ಹಾಗಾಗಿ ಇಲ್ಲಿ ಮಾತ್ರ ಪ್ರೀಮಿಯಂ ಇಟ್ಟು ಹೋಲಿಸೋದು ಸರಿ. ಅದರ ಜೊತೆಗೆ ಪ್ರತಿ ಕ್ಲೈಮಿನಲ್ಲಿ ನಿಮ್ಮ ಕೈಯಿಂದ ಹೋಗೋ ಮೊತ್ತ, ಅಂದ್ರೆ ಎಕ್ಸೆಸ್ ಎಷ್ಟು ಅಂತ ಕೇಳಿ ಬರೆಸ್ಕೊಳ್ಳಿ.

ಆದ್ರೆ ಇದರಲ್ಲಿ ಒಂದು ದೊಡ್ಡ ಕಿಂಡಿ ಉಂಟು. ಶಾರ್ಟ್ ಸರ್ಕ್ಯೂಟ್ ಆಗಿ ಡೀಪ್ ಫ್ರೀಜರಿನ ಕಂಪ್ರೆಸರ್ ಸುಟ್ಟಿತು ಅಂದ್ಕೊಳ್ಳಿ, ಆ ಬೆಂಕಿ ಪಕ್ಕದ ಟೇಬಲ್ಲಿಗೆ, ಗೋಡೆಗೆ ಹಬ್ಬಿದ್ರೆ ಅದಕ್ಕೆ ಹಣ ಸಿಗ್ತದೆ, ಸುಟ್ಟ ಆ ಫ್ರೀಜರಿಗೆ ಮಾತ್ರ ಸಿಗೋದಿಲ್ಲ. ಅದಕ್ಕೆ ಮಷಿನರಿ ಬ್ರೇಕ್‌ಡೌನ್ ಬೇರೆ ಪಾಲಿಸಿ, ಕಂಪ್ಯೂಟರ್, ಬಿಲ್ಲಿಂಗ್ ಮಷೀನಿಗೆ ಎಲೆಕ್ಟ್ರಾನಿಕ್ ಇಕ್ವಿಪ್‌ಮೆಂಟ್ ಪಾಲಿಸಿ. ಎಲ್ಲಕ್ಕೂ ತಗೊಳ್ಳಿ ಅಂತ ನಾನು ಹೇಳೋದಿಲ್ಲ. ಒಂದು ಮಷೀನ್ ನಿಂತ್ರೆ ಅವತ್ತು ವ್ಯಾಪಾರವೇ ನಿಲ್ತದೆ, ಹೊಸದು ತರಲಿಕ್ಕೆ ಕೈಯಲ್ಲಿ ದುಡ್ಡೂ ಇಲ್ಲ ಅನ್ನೋ ಹಾಗಿದ್ರೆ ಅದೊಂದಕ್ಕೆ ತಗೊಳ್ಳಿ. ಪ್ರಿಂಟಿಂಗ್ ಪ್ರೆಸ್, ಎಂಬ್ರಾಯ್ಡರಿ ಮಷೀನ್ ಇದ್ದವರಿಗೆ ಇದು ಬೇಕೇ ಬೇಕು, ಇಡ್ಲಿ ಹೋಟೆಲ್ಲಿನ ಎರಡು ಗ್ರೈಂಡರಿಗೆ ಬೇಡ.

ಮೊತ್ತ ಎಷ್ಟು ಹಾಕೋದು

ಎಲ್ಲಕ್ಕಿಂತ ಜಾಸ್ತಿ ದುಡ್ಡು ಹೋಗೋದು ಇಲ್ಲಿಯೇ, ಸ್ವಲ್ಪ ತಾಳ್ಮೆಯಿಂದ ಓದಿ. ಪ್ರೀಮಿಯಂ ಉಳಿಸ್ಲಿಕ್ಕೆ 20 ಲಕ್ಷದ ಮಾಲಿಗೆ 10 ಲಕ್ಷ ಅಂತ ಹಾಕ್ತಾರೆ, "ಪೂರ್ತಿ ಸುಡೋದು ಎಲ್ಲುಂಟು, 10 ಲಕ್ಷದವರೆಗಂತೂ ಸಿಗ್ತದಲ್ಲ" ಅನ್ನೋದು ಅವರ ಲೆಕ್ಕ. ಹಾಗೆ ಸಿಗೋದಿಲ್ಲ. ಅರ್ಧ ಬೆಲೆಗೆ ಮಾಡಿಸಿದ್ರೆ ಪ್ರತಿ ನಷ್ಟದಲ್ಲೂ ಅರ್ಧ ನಿಮ್ಮದೇ ಅಂತ ಲೆಕ್ಕ ಹಾಕ್ತಾರೆ, 4 ಲಕ್ಷದ ಮಾಲು ಹಾಳಾದ್ರೆ ಕೈಗೆ ಬರೋದು ಸುಮಾರು 2 ಲಕ್ಷ, ಅದರಲ್ಲೂ ಎಕ್ಸೆಸ್ ಕಳೀತಾರೆ. ಈ ಮಾದರಿ ಪಾಲಿಸಿಗಳಲ್ಲಿ ಶೇಕಡ 15ರವರೆಗೆ ಕಮ್ಮಿ ಇದ್ದರೆ ಮಾಫಿ ಉಂಟು, ಅಂದ್ರೆ 20 ಲಕ್ಷದ ಮಾಲಿಗೆ 17 ಲಕ್ಷ ಇದ್ದರೂ ಕಡಿತ ಇಲ್ಲ. ಅದನ್ನು ಬೆಲೆ ಏರಿಳಿತಕ್ಕೆ ಅಂತ ಬಿಟ್ಟ ಜಾಗ ಅಂತ ತಿಳ್ಕೊಳ್ಳಿ, ಮೊದಲೇ ಅಷ್ಟನ್ನು ಕಮ್ಮಿ ಹಾಕಿ ಕೂತ್ರೆ ದೀಪಾವಳಿಗೆ ಸ್ಟಾಕ್ ತುಂಬಿಸಿದ ದಿನ ಮತ್ತೆ ಕಮ್ಮಿ ಬೀಳ್ತದೆ. ಹಬ್ಬದ ಸೀಸನ್ನಿನಲ್ಲಿ ಅಂಗಡಿಯಲ್ಲಿ ಅತಿ ಹೆಚ್ಚು ಎಷ್ಟು ಮಾಲು ಇರ್ತದೋ ಅದನ್ನೇ ಲೆಕ್ಕಕ್ಕೆ ಹಿಡೀರಿ.

ಮಷೀನು, ಫರ್ನಿಚರಿಗೆ ಮೊತ್ತ ಹಾಕುವಾಗ ಬ್ಯಾಲೆನ್ಸ್ ಶೀಟ್ ತೆಗೆದು ನೋಡ್ಬೇಡಿ. ಅದರಲ್ಲಿ ಸಿಎ ವರ್ಷ ವರ್ಷ ಸವಕಳಿ ಕಳೆದು ಕಳೆದು 8 ಲಕ್ಷದ ಕಿಚನ್ ಸಾಮಾನು 2 ಲಕ್ಷಕ್ಕೆ ಬಂದಿರ್ತದೆ, ಇನ್ಕಮ್ ಟ್ಯಾಕ್ಸಿಗೆ ಅದು ಸರಿ, ಇಲ್ಲಿಗೆ ಬೇಕಾದ್ದು ಅದೇ ಸಾಮಾನು ಇವತ್ತು ಹೊಸದಾಗಿ ತಂದು ಕೂರಿಸ್ಲಿಕ್ಕೆ ಎಷ್ಟು ಬೇಕು ಅನ್ನೋ ಲೆಕ್ಕ. ಒಂದು ಭಾನುವಾರ ಹೊಟೇಲ್ ಮುಚ್ಚಿದ ಮೇಲೆ ನೋಟ್‌ಬುಕ್ ಹಿಡ್ಕೊಂಡು ಬಾಗಿಲಿಂದ ಶುರು ಮಾಡಿ ಕಿಚನ್ ತನಕ ನಡೀರಿ, ಬೋರ್ಡು, ಗಾಜು, ಗಲ್ಲಾ, ಫ್ಯಾನು, ದೋಸೆ ಕಾವಲಿ, ಎಕ್ಸಾಸ್ಟ್ ಡಕ್ಟು, ಪಾತ್ರೆ, ಮಾಳಿಗೆಯ ಮೇಲಿನ ಅಕ್ಕಿ ಉದ್ದಿನಬೇಳೆ ಮೂಟೆ, ಒಂದೂ ಬಿಡದೆ ಬರ್ಕೊಳ್ಳಿ, ಮೊಬೈಲಲ್ಲಿ ವೀಡಿಯೊ ತೆಗೆದು ಮನೆಯವರಿಗೆ ಕಳಿಸಿಡಿ. ಬಿಲ್ಲುಗಳ ಫೋಟೋ ಕೂಡ. ಎಲ್ಲವೂ ಅಂಗಡಿಯ ಡ್ರಾಯರಿನಲ್ಲೇ ಇದ್ರೆ ಅಂಗಡಿ ಜೊತೆಗೆ ಅವೂ ಹೋಗ್ತವೆ.

ಜಿಎಸ್‌ಟಿ ವಿಚಾರ ಏಜೆಂಟ್‌ಗಳು ಹೆಚ್ಚಾಗಿ ಹೇಳೋದಿಲ್ಲ. 5 ಪರ್ಸೆಂಟ್ ಜಿಎಸ್‌ಟಿ ಹಾಕೋ ರೆಸ್ಟೋರೆಂಟಿಗೆ ಇನ್‌ಪುಟ್ ಕ್ರೆಡಿಟ್, ಅಂದ್ರೆ ಖರೀದಿಗೆ ಕೊಟ್ಟ ಟ್ಯಾಕ್ಸನ್ನು ತಾವು ಕಟ್ಟೋ ಟ್ಯಾಕ್ಸಿನಲ್ಲಿ ಕಳೆಯೋ ಅವಕಾಶ, ಸಿಗೋದಿಲ್ಲ, ಮಷೀನ್ ತರುವಾಗ ಕೊಟ್ಟ ಟ್ಯಾಕ್ಸ್ ಪೂರ್ತಿ ನಿಮ್ಮ ಖರ್ಚೇ, ಹಾಗಾಗಿ ಮೊತ್ತ ಹಾಕುವಾಗ ಟ್ಯಾಕ್ಸ್ ಸೇರಿಸಿಯೇ ಹಾಕಿ. ಕ್ರೆಡಿಟ್ ತಗೊಳ್ಳೋ ವ್ಯಾಪಾರಿಗಳಿಗೆ ಸ್ಟಾಕ್ ವಿಚಾರದಲ್ಲಿ ಬೇರೆ ತೊಂದರೆ, ಮಾಲು ಸುಟ್ಟರೆ, ಕಳುವಾದ್ರೆ, ಹಾಳಾದ್ರೆ ಅದರ ಮೇಲೆ ತಗೊಂಡ ಕ್ರೆಡಿಟ್ಟನ್ನು ವಾಪಸ್ ಮಾಡ್ಬೇಕು ಅಂತ ಕಾನೂನು. ಮಾಲೂ ಹೋಯ್ತು, ಕ್ರೆಡಿಟ್ಟೂ ಹೋಯ್ತು. ಅದಕ್ಕೇ ಸ್ಟಾಕಿನ ಮೊತ್ತದಲ್ಲಿ ಜಿಎಸ್‌ಟಿ ಸೇರಿದೆ ಅಂತ ಬರೆಸ್ಕೊಳ್ಳೋದು ಒಳ್ಳೇದು, ನಿಮ್ಮ ಸಿಎ ಹತ್ರ ಒಂದು ಮಾತು ಕೇಳಿ.

ನೀರು

2005ರ ಜುಲೈ 26ಕ್ಕೆ ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಬಿತ್ತು, ಅವತ್ತು ಕುರ್ಲಾ, ಕಲೀನಾ ಕಡೆ ಅಂಗಡಿ ಇದ್ದವರಿಗೆ ಬೇರೆ ಏನೂ ಹೇಳಬೇಕಾಗಿಲ್ಲ. ಅಷ್ಟು ದೊಡ್ಡದು ಬೇಡ, ಕಿಂಗ್ಸ್ ಸರ್ಕಲ್ ಗಾಂಧಿ ಮಾರ್ಕೆಟ್ಟು, ಹಿಂದ್‌ಮಾತಾ, ಅಂಧೇರಿ ಸಬ್‌ವೇ ಹತ್ರ ಜೋರು ಮಳೆ ಮತ್ತು ಸಮುದ್ರದ ಭರತಿ ಒಟ್ಟಿಗೆ ಬಂದ್ರೆ ಸಾಕು. ಮೇಲೆ ಹೇಳಿದ ಪಾಲಿಸಿಯಲ್ಲಿ ನೆರೆ ಸೇರಿದೆ, ಆದ್ರೆ ಹಳೇ ನಮೂನೆಯ ಫೈರ್ ಪಾಲಿಸಿ ಇದ್ದವರು ಬಿರುಗಾಳಿ ಮತ್ತು ನೆರೆಯ ಕವರ್ ತೆಗೆಸಿ ಪ್ರೀಮಿಯಂ ಇಳಿಸಿದ್ದಾರಾ ಅಂತ ನೋಡ್ಬೇಕು. ಗೋಡೆಯಿಂದ ನಿಧಾನಕ್ಕೆ ಜಿನುಗೋ ನೀರು, ಮೇಲಿನ ಮನೆಯ ಬಾತ್‌ರೂಮ್ ಲೀಕೇಜು ಇದಕ್ಕೆಲ್ಲ ಹಣ ಕೇಳ್ಲಿಕ್ಕೆ ಹೋಗ್ಬೇಡಿ, ಸಿಗೋದಿಲ್ಲ. ಬೇಸ್‌ಮೆಂಟಿನಲ್ಲಿ ಮಾಲು ಇಡೋದಾದ್ರೆ ಅದನ್ನು ಪ್ರಪೋಸಲ್ಲಿನಲ್ಲಿ ಬರೀರಿ, ಮೂಟೆಗಳನ್ನು ನೆಲಕ್ಕೆ ತಾಗಿಸದೆ ಹಲಗೆ ಮೇಲೆ ಇಡಿ, ಮೇ ತಿಂಗಳು ಮುಗಿಯೋ ಮೊದಲೇ. ಇನ್ನೊಂದು, ಮಳೆಗಾಲದಲ್ಲಿ ಅಂಗಡಿ ಮುಚ್ಚಿ ಊರಿಗೆ ಹೋಗಿ ಕೃಷಿ ಮುಗಿಸಿ ಬರೋರು ನಮ್ಮಲ್ಲಿದ್ದಾರೆ, ಜಾಗ 30 ದಿನಕ್ಕಿಂತ ಹೆಚ್ಚು ಖಾಲಿ ಮುಚ್ಚಿದ್ರೆ ಸಾಮಾನ್ಯವಾಗಿ ಫೈರ್ ಪಾಲಿಸಿ ಕವರ್ ನಿಲ್ಲಿಸ್ತದೆ, ಕಂಪನಿಗೆ ಮೊದಲೇ ಬರೆದು ತಿಳಿಸಿ ಒಪ್ಪಿಗೆ ತಗೊಂಡೇ ಹೋಗಿ.

ಕೆಲಸದ ಹುಡುಗರು

ಸಾಮಾನು ಹೋದ್ರೆ ಮತ್ತೆ ತರಬಹುದು. ಹುಡುಗರ ವಿಚಾರದಲ್ಲಿ ನಮ್ಮವರು ತೋರಿಸೋ ಅಸಡ್ಡೆ ನೋಡಿದ್ರೆ ಬೇಜಾರಾಗ್ತದೆ, ಊರಿಂದ ನಂಬಿ ಬಂದ ಮಕ್ಕಳು ಅವರು, ಬಿಹಾರದವರಾಗ್ಲಿ ಬೈಂದೂರಿನವರಾಗ್ಲಿ.

10 ಅಥವಾ ಹೆಚ್ಚು ಜನ ಕೆಲಸಕ್ಕಿದ್ರೆ ಮೊದಲು ಸರ್ಕಾರದ ಕಾರ್ಮಿಕ ವಿಮೆ ಇಎಸ್‌ಐ ನೋಡಿ, ತಿಂಗಳ ಸಂಬಳ 21,000ದೊಳಗಿದ್ದವರಿಗೆ ಅದು, ಮಾಲೀಕ ಸಂಬಳದ 3.25 ಪರ್ಸೆಂಟ್, ಕೆಲಸಗಾರ 0.75 ಪರ್ಸೆಂಟ್ ಕಟ್ಟೋದು. ಔಷಧಿ, ಆಸ್ಪತ್ರೆ, ಕೆಲಸದಲ್ಲಿ ಗಾಯ ಆದ್ರೆ ಪರಿಹಾರ ಎಲ್ಲ ಅದರಲ್ಲೇ ಬರ್ತದೆ. ಇಎಸ್‌ಐಗೆ ಬಾರದವರು ಯಾರೆಲ್ಲ ಇದ್ದಾರೋ ಅವರಿಗೆ ಎಂಪ್ಲಾಯೀಸ್ ಕಾಂಪೆನ್ಸೇಶನ್ ಪಾಲಿಸಿ ಬೇಕು, ಹಳಬರು ವರ್ಕ್‌ಮೆನ್ ಪಾಲಿಸಿ ಅಂತಾರೆ. ಯಾಕೆ ಬೇಕು ಅಂದ್ರೆ ಲೆಕ್ಕ ಹೀಗೆ, 1923ರ ಕಾರ್ಮಿಕ ಪರಿಹಾರ ಕಾಯ್ದೆಯಿಂದ ಬಂದ ಲೆಕ್ಕ ಇದು: ಕೆಲಸ ಮಾಡುವಾಗ ಒಬ್ಬ ತೀರಿಕೊಂಡ್ರೆ ಅವನ ತಿಂಗಳ ಸಂಬಳದ ಅರ್ಧಕ್ಕೆ ವಯಸ್ಸಿನ ಒಂದು ಅಂಕಿಯಿಂದ ಗುಣಿಸ್ತಾರೆ, 30 ವರ್ಷದವನಿಗೆ ಆ ಅಂಕಿ 207.98. ಲೆಕ್ಕಕ್ಕೆ 15,000 ಸಂಬಳ ಹಿಡಿದ್ರೆ 7,500ರಿಂದ ಗುಣಿಸಿ 15,59,850 ರೂಪಾಯಿ. ತಪ್ಪು ಯಾರದ್ದು ಅಂತ ಕೂಡ ಹೆಚ್ಚು ಕೇಳೋದಿಲ್ಲ, ಸಾವಿನ ಪ್ರಕರಣದಲ್ಲಿ ಮಾಲೀಕ ಕೊಡಲೇಬೇಕು. ಸಣ್ಣ ಹೋಟೆಲ್ ಇಟ್ಟವರು ಅಷ್ಟು ದುಡ್ಡು ಎಲ್ಲಿಂದ ತರ್ತಾರೆ?

ಈ ಪಾಲಿಸಿ ಮಾಡಿಸುವಾಗ ಎಷ್ಟು ಜನ, ಎಷ್ಟು ಸಂಬಳ ಅಂತ ನಿಜವೇ ಬರೀರಿ. ಎಂಟು ಜನ ಇದ್ದು ನಾಲ್ಕು ಅಂತ ಬರೆದ್ರೆ ಗಾಯ ಆದವ ಆ ನಾಲ್ವರಲ್ಲಿ ಒಬ್ಬ ಅಂತ ನೀವು ಸಾಬೀತು ಮಾಡೋದು ಹೇಗೆ. ಗುತ್ತಿಗೆದಾರ ಕಳಿಸಿದ ಕ್ಲೀನರು, ಡಕ್ಟ್ ತೊಳೀಲಿಕ್ಕೆ ಬರೋರು, ಪೇಂಟರು, ಇವರ ಹೊಣೆಯೂ ನಿಮ್ಮ ತಲೆಗೆ ಬರಬಹುದು, ಅವರನ್ನೂ ಸೇರಿಸಿ. ವೈದ್ಯಕೀಯ ಖರ್ಚಿಗೆ ಅಂತ ಬೇರೆ ಆಡ್-ಆನ್ ಇರ್ತದೆ, ಕೆಲಸದಲ್ಲಿ ಆದ ಗಾಯದ ಆಸ್ಪತ್ರೆ ಖರ್ಚು ಮಾಲೀಕನೇ ಕೊಡ್ಬೇಕು ಅನ್ನೋ ನಿಯಮ ಆ ಕಾಯ್ದೆಗೆ 2009ರಲ್ಲಿ ಆದ ತಿದ್ದುಪಡಿಯಿಂದ ಬಂದದ್ದು, ಆದ್ರೆ ಆಡ್-ಆನ್ ಇಲ್ಲದ ಪಾಲಿಸಿ ಆ ಬಿಲ್ ಕೊಡೋದಿಲ್ಲ. ಬಿಸಿ ಎಣ್ಣೆ ಚೆಲ್ಲಿ ಕೈ ಸುಟ್ಟರೆ ಬರೋದು ಅದೇ ಬಿಲ್ಲು, ಹಾಗಾಗಿ ಈ ಆಡ್-ಆನ್ ಬಿಡಲೇಬೇಡಿ.

ಹುಡುಗರು ರಾತ್ರಿ ಅಂಗಡಿಯಲ್ಲೇ, ಮಾಳಿಗೆ ಮೇಲೆ ಮಲಗೋದು ಮುಂಬಯಿಯಲ್ಲಿ ಸಾಮಾನ್ಯ. 2017ರ ಡಿಸೆಂಬರ್ 18ರ ಬೆಳಗಿನ ಜಾವ ಸಾಕಿನಾಕಾದ ಖೈರಾನಿ ರೋಡಿನಲ್ಲಿ ಒಂದು ಫರ್ಸಾಣ್ (ಖಾರ ತಿಂಡಿ) ಅಂಗಡಿಗೆ ಬೆಂಕಿ ಬಿದ್ದು 12 ಕೆಲಸಗಾರರು ತೀರಿಕೊಂಡ್ರು. ದಯವಿಟ್ಟು ಮಲಗೋ ಜಾಗ ಬೇರೆ ಮಾಡಿಕೊಡಿ, ಇನ್ಶೂರೆನ್ಸಿಗಿಂತ ಮೊದಲು ಅದು. ಮತ್ತೆ ನಿದ್ದೆಯಲ್ಲಿದ್ದಾಗ ಆದದ್ದು ಕೆಲಸದ ಸಮಯದಲ್ಲಿ ಆದದ್ದಾ ಅಂತ ಕಂಪನಿ ತಕರಾರು ತೆಗೀಬಹುದು, ಅದಕ್ಕೆ 24 ಗಂಟೆಯೂ ನಡೆಯೋ ಗ್ರೂಪ್ ಪರ್ಸನಲ್ ಆಕ್ಸಿಡೆಂಟ್ ಪಾಲಿಸಿ ಮೇಲಿಂದ ಒಂದು ಇರ್ಲಿ. ಕನಿಷ್ಠ ಪಕ್ಷ ಪ್ರತಿ ಹುಡುಗನಿಗೂ ಬ್ಯಾಂಕಲ್ಲಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸಿ, ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸತ್ತರೆ 2 ಲಕ್ಷ ಅವನ ಮನೆಗೆ. ಮಾಲೀಕನ ಹೊಣೆ ಇದರಿಂದ ತಪ್ಪೋದಿಲ್ಲ, ಆದ್ರೆ 20 ರೂಪಾಯಿಗೆ ಯೋಚನೆ ಮಾಡೋ ಮಾತೇ ಇಲ್ಲ.

ಗಿರಾಕಿಗೆ ಏನಾದ್ರೂ ಆದ್ರೆ

2017ರ ಅದೇ ಡಿಸೆಂಬರಿನಲ್ಲಿ, 29ಕ್ಕೆ, ಲೋವರ್ ಪರೇಲಿನ ಕಮಲಾ ಮಿಲ್ಸ್ ಕಾಂಪೌಂಡಿನ ಬೆಂಕಿಯಲ್ಲಿ ಊಟಕ್ಕೆ, ಪಾರ್ಟಿಗೆ ಅಂತ ಬಂದವರೂ ಸೇರಿ 14 ಜನ ಹೋದ್ರು. ಗಿರಾಕಿಗೆ ಆಗೋ ಹಾನಿಗೆ ಫೈರ್ ಪಾಲಿಸಿ ಒಂದು ಪೈಸೆ ಕೊಡೋದಿಲ್ಲ, ಅದಕ್ಕೆ ಪಬ್ಲಿಕ್ ಲಯಬಿಲಿಟಿ ಪಾಲಿಸಿಯೇ ಬೇಕು. ಹೋಟೆಲ್‌ನವರು ಅದರಲ್ಲಿ ಆಹಾರ ಮತ್ತು ಪಾನೀಯದ ವಿಷಬಾಧೆಯ ಎಕ್ಸ್‌ಟೆನ್ಶನ್ ಸೇರಿಸ್ಲೇಬೇಕು, ಕೇಟರಿಂಗ್ ಮಾಡೋರು ಮದುವೆ ಹಾಲ್‌ನಲ್ಲಿ, ಹೊರಗೆ ಬಡಿಸೋದಕ್ಕೂ ಅನ್ವಯ ಆಗ್ತದಾ ಅಂತ ಬರಹದಲ್ಲಿ ಕೇಳಿ.

ಯಾವ ಪಾಲಿಸಿ ಇದ್ದರೂ ಕಾನೂನು ಮುರಿದು ನಡೆಸಿದ್ರೆ ಕ್ಲೈಮ್ ಕಷ್ಟ. ಮಹಾರಾಷ್ಟ್ರದ 2006ರ ಅಗ್ನಿ ಸುರಕ್ಷಾ ಕಾಯ್ದೆ ಪ್ರಕಾರ ಲೈಸೆನ್ಸ್ ಇರೋ ಏಜೆನ್ಸಿಯಿಂದ ಫಾರ್ಮ್ ಬಿ ಅನ್ನೋ ಸರ್ಟಿಫಿಕೇಟ್ ಜನವರಿಯಲ್ಲೊಮ್ಮೆ, ಜುಲೈಯಲ್ಲೊಮ್ಮೆ ಕೊಡ್ಬೇಕು, ಅದರ ಕಾಪಿ ಫೈಲಿನಲ್ಲಿರ್ಲಿ. ಎಲ್‌ಪಿಜಿ 100 ಕಿಲೋ ದಾಟಿದ್ರೆ ಬೇರೆ ಲೈಸೆನ್ಸ್ ಬೇಕು, ಕಮರ್ಷಿಯಲ್ ಸಿಲಿಂಡರ್ 19 ಕಿಲೋ ಅಲ್ವಾ, ಐದು ತುಂಬಿದ ಸಿಲಿಂಡರ್ ಅಂದ್ರೆ 95, ಆರನೆಯದು ಬಂದ್ರೆ 114. ಶನಿವಾರದ ಗದ್ದಲಕ್ಕೆ ಅಂತ ಒಂದು ಹೆಚ್ಚಿಗೆ ತರಿಸಿಡೋದು ಎಷ್ಟು ಸುಲಭ ಅಂತ ನಿಮಗೇ ಗೊತ್ತುಂಟು.

ಕಳ್ಳತನ, ಗಲ್ಲಾ, ಡೆಲಿವರಿ

ಬರ್ಗ್ಲರಿ ಪಾಲಿಸಿಯಲ್ಲಿ ಬೀಗ ಒಡೆದೋ ಶಟರ್ ಬಗ್ಗಿಸಿಯೋ ಒಳಗೆ ಬಂದ ಗುರುತು ಬೇಕು, ಗಿರಾಕಿ ವೇಷದಲ್ಲಿ ಬಂದು ಎತ್ತಿಕೊಂಡು ಹೋದದ್ದು ಸೇರೋದಿಲ್ಲ. ಕೆಲಸದವರೇ ದುಡ್ಡು ಹೊಡೆದ್ರೆ ಅದಕ್ಕೆ ಫಿಡೆಲಿಟಿ ಗ್ಯಾರಂಟಿ. ಗಲ್ಲಾದಲ್ಲಿರೋ ಹಣ, ಬ್ಯಾಂಕಿಗೆ ತಗೊಂಡು ಹೋಗೋ ಹಣಕ್ಕೆ ಮನಿ ಇನ್ಶೂರೆನ್ಸ್. ಈಗ ಅರ್ಧಕ್ಕರ್ಧ ಯುಪಿಐಯಲ್ಲೇ ಬರೋದರಿಂದ ಇದಕ್ಕೆ ದೊಡ್ಡ ಮೊತ್ತ ಬೇಕಾಗಿಲ್ಲ. ಚಿಕ್ಕ ಅಂಗಡಿಯವರಿಗೆ ಇದೆಲ್ಲ ಸೇರಿ ಶಾಪ್‌ಕೀಪರ್ ಪ್ಯಾಕೇಜ್ ಅಂತ ಒಂದೇ ಪಾಲಿಸಿ ಸಿಗ್ತದೆ, ಬೇಡದ್ದನ್ನು ಬಿಟ್ಟು ಬೇಕಾದ್ದನ್ನು ಆರಿಸಬಹುದು. ಡೆಲಿವರಿಗೆ ಹುಡುಗನ ಸ್ವಂತ ಬೈಕ್ ಓಡಿಸೋದಾದ್ರೆ ಅದರ ಇನ್ಶೂರೆನ್ಸ್ ಚಾಲ್ತಿಯಲ್ಲಿದೆಯಾ, ವ್ಯಾಪಾರದ ಬಳಕೆಗೆ ನಡೀತದಾ ಅಂತ ನೀವೇ ನೋಡಿ, ಅವನು ನೋಡಿರೋದಿಲ್ಲ.

ಮುಚ್ಚಿದ ದಿನಗಳ ಖರ್ಚು

ಬೆಂಕಿ ಬಿದ್ದು ಆರು ತಿಂಗಳು ಮುಚ್ಚಿದ್ರೂ ಭಾಡಾ, ಹುಡುಗರ ಸಂಬಳ, ಲೋನ್ ಬಡ್ಡಿ ನಿಲ್ಲೋದಿಲ್ಲ. ಇದಕ್ಕೆ ಲಾಸ್ ಆಫ್ ಪ್ರಾಫಿಟ್ ಅಂತ ಕವರ್ ಉಂಟು, ಫೈರ್ ಪಾಲಿಸಿ ಜೊತೆಗೇ ತಗೋಬೇಕು. ಎಷ್ಟು ತಿಂಗಳಿಗೆ ಅಂತ ಆರಿಸುವಾಗ ರಿಪೇರಿಗೆ ಬೇಕಾದ ದಿನ ಮಾತ್ರ ಲೆಕ್ಕ ಹಾಕ್ಬೇಡಿ, ಸೊಸೈಟಿಯ ಒಪ್ಪಿಗೆ, ಬಿಎಂಸಿ, ಫೈರ್ ಬ್ರಿಗೇಡ್ ಎನ್‌ಒಸಿ ಎಲ್ಲ ಸೇರಿಸಿ ಲೆಕ್ಕ ಹಾಕಿ. ಸ್ವಂತ ಜಾಗ, ಸಾಲ ಇಲ್ಲ ಅನ್ನೋರು ಇದನ್ನು ಬಿಡಬಹುದು, ದೊಡ್ಡ ಬಾಡಿಗೆ ಕಟ್ಟೋರು ಬಿಡಬಾರದು. ಇದು ಸಿಗೋದು ಆಸ್ತಿಗೆ ಹಾನಿ ಆಗಿ ವ್ಯಾಪಾರ ನಿಂತಾಗ ಮಾತ್ರ, 2020ರ ಲಾಕ್‌ಡೌನ್‌ನಂಥದ್ದಕ್ಕೆ ಇದರಿಂದ ಹಣ ಬರೋದಿಲ್ಲ.

ದುಡ್ಡು ಕಟ್ಟೋದು, ಕ್ಲೈಮ್ ಮಾಡೋದು

ಈಗ ಪ್ರೀಮಿಯಂ ಕೇಳಿ. ಏಜೆಂಟ್ ಕಂಪನಿಯ ಕಡೆಯವರು, ಬ್ರೋಕರ್ ಕಾನೂನಿನ ಪ್ರಕಾರ ಗಿರಾಕಿಯ ಕಡೆಯವರು, ಎರಡು ಕಡೆ ಕೊಟೇಶನ್ ತಗೊಳ್ಳಿ. 18 ಪರ್ಸೆಂಟ್ ಜಿಎಸ್‌ಟಿ ಸೇರಿಸಿ ಲೆಕ್ಕ ಹಾಕಿ. ಪ್ರೀಮಿಯಂ ಕಂಪನಿಗೆ ಸೇರೋ ತನಕ ಪಾಲಿಸಿ ಶುರುವೇ ಆಗೋದಿಲ್ಲ, ಚೆಕ್ ಬೌನ್ಸ್ ಆದ್ರೆ ಕೈಯಲ್ಲಿ ಪಾಲಿಸಿ ಇದ್ದೂ ಇಲ್ಲದ ಹಾಗೆ, ಅದಕ್ಕೆ ಆನ್‌ಲೈನ್ ಕಟ್ಟಿ ರಸೀದಿ ಇಟ್ಕೊಳ್ಳಿ. ಪಾಲಿಸಿ ಬಂದ ದಿನವೇ ಶೆಡ್ಯೂಲ್ ತೆಗೆದು ಹೆಸರು, ವಿಳಾಸ, ವ್ಯಾಪಾರ, ಮೊತ್ತ ಓದಿ. ಗುಮಾಸ್ತಾ ಲೈಸೆನ್ಸಿನಲ್ಲಿ, ಅಂದ್ರೆ ಅಂಗಡಿಯ ನೋಂದಣಿ ಪತ್ರದಲ್ಲಿ, ಇರೋ ಹೆಸರು, ವಿಳಾಸವೇ ಇಲ್ಲೂ ಇರ್ಬೇಕು, ಗೋಡೌನ್ ಪಕ್ಕದ ಗಲ್ಲಿಯಲ್ಲಿದ್ದರೂ ಅದು ಬೇರೆ ವಿಳಾಸವೇ. ತಪ್ಪಿದ್ರೆ ಇಮೇಲ್ ಹಾಕಿ ಪಾಲಿಸಿಗೆ ತಿದ್ದುಪಡಿ, ಅಂದ್ರೆ ಎಂಡಾರ್ಸ್‌ಮೆಂಟ್ ಮಾಡಿಸಿ.

ನಷ್ಟ ಆದ ದಿನ ಜನರನ್ನು ಹೊರಗೆ ತನ್ನಿ, ಫೈರ್ ಬ್ರಿಗೇಡಿಗೆ ಫೋನ್ ಮಾಡಿ, ಆಮೇಲೆ ಕಂಪನಿಗೆ ಫೋನೂ ಇಮೇಲೂ ಅವತ್ತೇ. ಹಾಳಾಗದ ಮಾಲನ್ನು ಬೇರೆ ಮಾಡಿ ಉಳಿಸಿ, ಹಾಳಾದ್ದನ್ನು ಸರ್ವೇಯರ್ ನೋಡೋ ತನಕ ಎಸೀಬೇಡಿ, ಕೊಳೆತು ನಾರೋ ಮಾಲಾದ್ರೆ ಫೋಟೋ ವೀಡಿಯೊ ತೆಗೆದು, ಅವರಿಗೆ ಬರೆದು ತಿಳಿಸಿ ವಿಲೇವಾರಿ ಮಾಡಿ. ಫೈರ್ ಬ್ರಿಗೇಡ್ ರಿಪೋರ್ಟು, ಕಳ್ಳತನ ಆದ್ರೆ ಎಫ್‌ಐಆರ್, ಪಂಚನಾಮೆ, ಇವುಗಳ ಕಾಪಿ ಕೇಳಿ ತಗೊಳ್ಳಿ. ಸರ್ವೇಯರ್ ಏನು ಕೇಳಿದ್ರೂ ಇಮೇಲಿನಲ್ಲೇ ಕೊಡಿ, ಯಾವ ದಿನ ಏನು ಕೊಟ್ಟಿರಿ ಅನ್ನೋದಕ್ಕೆ ದಾಖಲೆ ಉಳೀತದೆ. ಕಮ್ಮಿ ಮೊತ್ತಕ್ಕೆ ಫುಲ್ ಆಂಡ್ ಫೈನಲ್, ಅಂದ್ರೆ ಇನ್ನು ಬಾಕಿ ಏನೂ ಇಲ್ಲ, ಅಂತ ಸಹಿ ಕೇಳಿದ್ರೆ ಅವಸರ ಮಾಡ್ಬೇಡಿ, ಯಾಕೆ ಕಡಿತ ಅಂತ ಬರಹದಲ್ಲಿ ಕೇಳಿ.

ಕಂಪನಿ ಒಪ್ಪದಿದ್ರೆ ಅವರದ್ದೇ ದೂರು ವಿಭಾಗಕ್ಕೆ ಬರೀರಿ, ಒಂದು ತಿಂಗಳಲ್ಲಿ ಉತ್ತರ ಬಾರದಿದ್ರೆ ಅಥವಾ ಬಂದದ್ದು ಸರಿ ಕಾಣದಿದ್ರೆ ದೂರು ಕೇಳಿ ತೀರ್ಮಾನ ಹೇಳೋ ಇನ್ಶೂರೆನ್ಸ್ ಓಂಬುಡ್ಸ್‌ಮನ್ ಹತ್ರ ಹೋಗಬಹುದು. ಒಬ್ಬರೇ ಮಾಲೀಕರಿರೋ ವ್ಯಾಪಾರ ಮತ್ತು ಮೈಕ್ರೋ ಉದ್ಯಮದವರ ದೂರನ್ನೂ 50 ಲಕ್ಷದವರೆಗೆ ಅಲ್ಲಿ ತಗೊಳ್ತಾರೆ, ಫೀಸಿಲ್ಲ, ವಕೀಲರೂ ಬೇಡ, ಉದ್ಯಮ್ ರಿಜಿಸ್ಟ್ರೇಶನ್ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ಮಾಡಿಸಿಟ್ಟಿದ್ರೆ ಮೈಕ್ರೋ ಅಂತ ತೋರಿಸ್ಲಿಕ್ಕೆ ಸುಲಭ. ಕಂಪನಿಯ ಉತ್ತರ ಬಂದ ಮೇಲೆ ಒಂದು ವರ್ಷದೊಳಗೆ ಹೋಗ್ಬೇಕು. ಮುಂಬಯಿಯ ಹೆಚ್ಚಿನ ಭಾಗದವರ ಕಚೇರಿ ಸಾಂತಾಕ್ರೂಜ್ ಪಶ್ಚಿಮದಲ್ಲಿ ಎಸ್‌.ವಿ. ರೋಡಿನಲ್ಲಿ, ಠಾಣೆ ಮತ್ತು ನವಿ ಮುಂಬಯಿಯವರಿಗೆ ಅದಲ್ಲ, ಬೇರೆ ಕಚೇರಿ ಉಂಟು.